ಜಗುಲಿಯ ಲೆಕ್ಕ: ಗಾಲೆ ಕೋಟೆಯ ಬೂಟಿಕ್ ಹೋಟೆಲುಗಳು, ಒಂದು ಪ್ರಕರಣ ಅಧ್ಯಯನ

ಶ್ರೀಲಂಕಾದ ದಕ್ಷಿಣ ಕರಾವಳಿಯ ಗಾಲೆ ನಮ್ಮಲ್ಲಿ ಬಹುಮಂದಿಗೆ ಟೆಲಿವಿಷನ್ನಿನ ಮೂಲಕ ಗುರುತಾದ ಊರು. 1998ರಿಂದ ಟೆಸ್ಟ್ ಪಂದ್ಯಗಳು ನಡೆಯುತ್ತಿರುವ ಅಲ್ಲಿನ ಕ್ರೀಡಾಂಗಣದ ಹಿಂದೆ ಹುಲ್ಲು ಹೊದ್ದ ದಪ್ಪನೆಯ ಕಲ್ಲುಗೋಡೆಯೊಂದು ಕಾಣುತ್ತದೆ. ಟಿಕೆಟ್ ಕೊಳ್ಳದವರು ಅದರ ಮೇಲೆ ಕುಳಿತು ಆಟ ನೋಡುತ್ತಾರೆ. ಆ ಗೋಡೆಯ ಒಳಗೆ ಮೂರು ಕಡೆ ಸಮುದ್ರವಿರುವ, 14 ಕೊತ್ತಲಗಳ ನಡುವೆ ಹಿಡಿದಿಟ್ಟಂತಿರುವ ಪುಟ್ಟ ಪೇಟೆಯಿದೆ. ಮಸೀದಿ, ಚರ್ಚು, ಶಾಲೆ, ನ್ಯಾಯಾಲಯ, ವಕೀಲರ ಕಚೇರಿ, ರತ್ನದ ಅಂಗಡಿ, ಹೆಂಚಿನ ಮನೆ ಎಲ್ಲವೂ ಕಾಲ್ನಡಿಗೆಯ ಅಳತೆಯಲ್ಲಿವೆ. ಕಳೆದ ಎರಡು ದಶಕಗಳಲ್ಲಿ ಈ ಮನೆಗಳಲ್ಲಿ ಅನೇಕವು ಬೂಟಿಕ್ ಹೋಟೆಲುಗಳಾಗಿವೆ. ಬೂಟಿಕ್ ಹೋಟೆಲು ಎಂದರೆ ಇಲ್ಲಿ ಕೋಣೆಗಳ ಸಂಖ್ಯೆ ಕಡಿಮೆಯಿದ್ದು, ಇಡೀ ಕಟ್ಟಡ ಒಬ್ಬ ವಿನ್ಯಾಸಕಾರನ ಕಣ್ಣಿನಿಂದ ರೂಪುಗೊಂಡು, ಆ ಕಟ್ಟಡವೇ ಮಾರಾಟದ ಮುಖ್ಯ ಸರಕಾಗಿರುವ ವಸತಿಗೃಹ ಎಂದಿಟ್ಟುಕೊಳ್ಳೋಣ.

ಗಾಲೆಯ ಮನೆಗಳಿಗೆ ಬೀದಿಯ ಕಡೆಗೆ ಕಂಬಗಳ ಸಾಲಿರುವ ಜಗುಲಿಯುಂಟು. ಸಿಂಹಳದಲ್ಲಿ ಅದನ್ನು ಇಸ್ತೋಪ್ಪುವ ಎನ್ನುತ್ತಾರೆ. ಮನೆಯ ಮುಂದಿನ ಕಟ್ಟೆಗೆ ಡಚ್ಚರು ಬಳಸುವ ಸ್ಟೂಪ್ ಎಂಬ ಪದದಿಂದ ಬಂದ ಮಾತು ಅದು. ಈ ಅಧ್ಯಯನ ಗಾಲೆಯ ಹೋಟೆಲುಗಳನ್ನು ಆ ಜಗುಲಿಯ ಮೇಲೆ ನಿಂತು ನೋಡುತ್ತದೆ. ಹೋಟೆಲುಗಳು ಬಂದು ಊರು ಕೆಟ್ಟಿತು ಎನ್ನುವವರೂ, ಹೋಟೆಲುಗಳಿಂದಲೇ ಊರು ಉಳಿಯಿತು ಎನ್ನುವವರೂ ಸಮಸಮವಾಗಿ ಸಿಗುತ್ತಾರೆ. ನನಗೆ ತೋರುವುದು ಬೇರೆ: ಒಳಮನೆಯನ್ನು ಎಷ್ಟು ನಿಷ್ಠೆಯಿಂದ ಉಳಿಸಿಕೊಂಡರೋ, ಬೀದಿಯ ಜಗುಲಿಯಿಂದ ಅಷ್ಟೇ ಹೆಚ್ಚು ಸಂಪಾದಿಸಬೇಕಾದ ಲೆಕ್ಕಕ್ಕೆ ಈ ಹೋಟೆಲುಗಳು ಸಿಕ್ಕಿಬಿದ್ದವು.

ಬಂದರು ಕೈಬಿಟ್ಟ ಊರು

ಪೋರ್ಚುಗೀಸರ ಹಡಗುಗಳು 1505ರಲ್ಲಿ ಲಂಕೆಯ ತೀರಕ್ಕೆ ಬಂದವು. ಗಾಲೆಯ ಮೊದಲ ಕೋಟೆ ಅವರು 16ನೇ ಶತಮಾನದ ಕೊನೆಗೆ ಕಟ್ಟಿದ್ದು. 1640ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯವರು ಅದನ್ನು ಗೆದ್ದು, ಇಂದು ಕಾಣುವ ಗೋಡೆ, ಕೊತ್ತಲ, ಬೀದಿಗಳ ಚೌಕಟ್ಟನ್ನು ನಿಲ್ಲಿಸಿದರು. ಬಂದರಿನ ಕಡೆಯ ಹಳೆಯ ಬಾಗಿಲಿನ ಒಳಮುಖದಲ್ಲಿ 1669ರ ಕಂಪನಿ ಲಾಂಛನವಿದೆ. ಅದರ ನೆತ್ತಿಯ ಮೇಲೆ ಹುಂಜವೊಂದು ಕುಳಿತಿದೆ. ಗಾಲೆ ಎಂಬ ಹೆಸರು ಬಂಡೆ ಎಂಬ ಅರ್ಥದ ಸಿಂಹಳ ಪದದಿಂದ ಬಂದದ್ದೆಂದು ಹೇಳುತ್ತಾರಾದರೂ ಯುರೋಪಿನವರ ಕಿವಿಗೆ ಅದು ಹುಂಜ ಎಂಬ ಅರ್ಥದ ಲ್ಯಾಟಿನ್ ಪದ ಗ್ಯಾಲಸ್‌ನಂತೆ ಕೇಳಿಸಿತು. ಇದೇ ಕಂಪನಿಯ ಕೋಠಿ 17ನೇ ಶತಮಾನದಲ್ಲಿ ನಮ್ಮ ಬಸರೂರಿನಲ್ಲಿಯೂ ಇತ್ತು; ಅಲ್ಲಿ ಅವರು ಇಂಥ ಊರು ಕಟ್ಟುವಷ್ಟು ಕಾಲ ನಿಲ್ಲಲಿಲ್ಲ.

1796ರಲ್ಲಿ ಬ್ರಿಟಿಷರ ಕೈಸೇರಿದ ಗಾಲೆ, ಉಗಿಹಡಗುಗಳ ಕಾಲದಲ್ಲಿ ಪೂರ್ವದೇಶಗಳಿಗೂ ಆಸ್ಟ್ರೇಲಿಯಕ್ಕೂ ಹೋಗುವ ಹಡಗುಗಳ ತಂಗುದಾಣವಾಯಿತು. ಪ್ರಯಾಣಿಕರು ಇಲ್ಲಿ ಇಳಿಯುತ್ತಿದ್ದರು, ಮಲಗುತ್ತಿದ್ದರು, ರತ್ನ ಕೊಳ್ಳುತ್ತಿದ್ದರು. ಬಂದರಿನ ಬಾಯಿಯಲ್ಲಿ ಬಂಡೆಗಳಿದ್ದುದರಿಂದಲೂ ಮಾನ್ಸೂನಿನಲ್ಲಿ ಹಡಗುಗಳಿಗೆ ರಕ್ಷಣೆ ಸಾಲದಿದ್ದುದರಿಂದಲೂ ಸರ್ಕಾರ ಕೊಲಂಬೊವನ್ನು ಆರಿಸಿಕೊಂಡಿತು. 1875ರಲ್ಲಿ ಅಡಿಗಲ್ಲು ಬಿದ್ದ ಕೊಲಂಬೊದ ಅಲೆತಡೆ ಗೋಡೆ ಹತ್ತು ವರ್ಷಗಳಲ್ಲಿ ಮುಗಿಯಿತು; ಹಡಗುಗಳು ಅತ್ತ ತಿರುಗಿದವು. ಅಲ್ಲಿಂದ ಮುಂದೆ ನೂರು ವರ್ಷ ಗಾಲೆ ಕೋಟೆಯೊಳಗೆ ಹಳೆಯ ಮನೆ ಕೆಡವಿ ಹೊಸದು ಕಟ್ಟುವಷ್ಟು ಹಣ ಯಾರ ಕೈಯಲ್ಲಿಯೂ ಓಡಾಡಲಿಲ್ಲ. ರತ್ನವ್ಯಾಪಾರದ ಮುಸ್ಲಿಂ ಕುಟುಂಬಗಳು, ಡಚ್ ಮೂಲದ ಬರ್ಘರ್ ಕುಟುಂಬಗಳು, ಸಿಂಹಳ ವಕೀಲರು ಮತ್ತು ನೌಕರರು ಇದ್ದ ಮನೆಗಳಲ್ಲೇ ಇದ್ದುಕೊಂಡು, ಸೋರಿದಲ್ಲಿ ಹೆಂಚು ಕೈಯಾಡಿಸಿ, ಉದುರಿದಲ್ಲಿ ಸುಣ್ಣ ಬಳಿದು ಕಾಲ ಹಾಕಿದರು. 1988ರಲ್ಲಿ ಯುನೆಸ್ಕೋ ಈ ಊರನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಮೆಚ್ಚಿಕೊಂಡದ್ದರಲ್ಲಿ ಈ ಹಣದ ಅಭಾವದ ಪಾಲು ಸಣ್ಣದಲ್ಲ.

ಮನೆಯ ಒಳಹೊರಗು

ಕೋಟೆಯ ಮಾದರಿ ಮನೆ ಬೀದಿಗೆ ಕಿರಿದು, ಹಿಂದಕ್ಕೆ ಉದ್ದ. ಜಗುಲಿ ದಾಟಿದರೆ ಪಡಸಾಲೆ, ಅದರ ಇಬ್ಬದಿಯಲ್ಲಿ ಕೋಣೆಗಳು, ಆಮೇಲೆ ಹಿಂದಿನ ಮೊಗಸಾಲೆ, ಅದರಾಚೆ ಬಾವಿಯಿರುವ ತೆರೆದ ಅಂಗಳ, ಅಂಗಳದ ಒಂದು ಪಕ್ಕಕ್ಕೆ ಅಡುಗೆಮನೆ ಮತ್ತು ಉಗ್ರಾಣ. ಗೋಡೆಗೆ ಬಳಸಿದ್ದು ಸಮುದ್ರದ ಹವಳಗಲ್ಲು ಮತ್ತು ಕಬೂಕ್. ಕಬೂಕ್ ಎಂದರೆ ದಕ್ಷಿಣ ಕನ್ನಡದವರು ಕೆಂಪುಕಲ್ಲು, ಮುರಕಲ್ಲು ಎನ್ನುವ ಅದೇ ಕಲ್ಲು: ನೆಲದಲ್ಲಿರುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಗಾರೆಯೂ ಹವಳ ಸುಟ್ಟು ಮಾಡಿದ ಸುಣ್ಣದ್ದೇ. ಮಾಡಿಗೆ ಮೊದಲಿದ್ದದ್ದು ಅರ್ಧಕೊಳವೆಯಾಕಾರದ ನಾಡಹೆಂಚು. 19ನೇ ಶತಮಾನದ ಕೊನೆಯ ಭಾಗದಲ್ಲಿ ಚಪ್ಪಟೆ ಹೆಂಚೂ ಬಂತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಆ ಹೆಂಚು ಹಡಗಿನಲ್ಲಿ ಸಿಲೋನಿಗೂ ಹೋಗುತ್ತಿತ್ತು. ಆದ್ದರಿಂದ ಉಡುಪಿಯ ಹಳೆಯ ಮನೆಯೊಂದನ್ನು ದುರಸ್ತಿ ಮಾಡಿಸಿದ ಅನುಭವವಿರುವವರಿಗೆ ಗಾಲೆಯ ಮನೆಯ ಕಾಯಿಲೆಗಳನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾಯಿಲೆಗಳಲ್ಲಿ ಮೊದಲನೆಯದು ಉಪ್ಪು. ಹವಳಗಲ್ಲಿನ ಗೋಡೆ ನೆಲದಿಂದಲೂ ಕಡಲಗಾಳಿಯಿಂದಲೂ ತೇವ ಹೀರುತ್ತದೆ. ಸುಣ್ಣದ ಗಾರೆಯಿದ್ದರೆ ಆ ತೇವ ಮೆಲ್ಲಗೆ ಹೊರಬಿದ್ದು ಆರುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿ, ಉಪ್ಪು ಹರಳುಗಟ್ಟಿ, ಕೆಲವೇ ಮಳೆಗಾಲಗಳಲ್ಲಿ ಗೋಡೆಯ ಮೈ ಹಪ್ಪಳದಂತೆ ಏಳುತ್ತದೆ. ಹಣ ಕಡಿಮೆಯಿದ್ದ ಕಾಲದಲ್ಲಿ ಎಷ್ಟೋ ಮನೆಗಳಿಗೆ ಸಿಮೆಂಟ್ ಬಳಿದದ್ದು ಅದು ಅಗ್ಗವಾಗಿ, ಬೇಗ ಮುಗಿಯುವ ಕೆಲಸವಾಗಿದ್ದರಿಂದಲೇ. ಎರಡನೆಯದು ಗೆದ್ದಲು, ಮೂರನೆಯದು ಮಾಡಿನ ಸೋರುವ ಕೂಡುಮೂಲೆ. ಇವಲ್ಲದೆ ಹೋಟೆಲಾಗುವ ಮನೆಗೆ ಹೊಸ ಹೊರೆಗಳೂ ಬರುತ್ತವೆ: ಪ್ರತಿ ಕೋಣೆಗೆ ಬಚ್ಚಲು, ಹವಾನಿಯಂತ್ರಣದ ಕೊಳವೆ, ಬೆಂಕಿಯ ಎಚ್ಚರಿಕೆ, ಜನರೇಟರು, ದೊಡ್ಡ ಅಡುಗೆಮನೆಯ ಹೊಗೆ ಮತ್ತು ಕೊಳಚೆ. ಬೀದಿಗಳ ಅಡಿಯಲ್ಲಿ ಡಚ್ಚರು ಇಟ್ಟಿಗೆಯಲ್ಲಿ ಕಟ್ಟಿದ ಚರಂಡಿಗಳಿವೆ; ಉಬ್ಬರವಿಳಿತದ ನೀರು ಅವುಗಳನ್ನು ತೊಳೆಯುವಂತೆ ಇಳಿಜಾರು ಕೊಟ್ಟಿದ್ದರು. ಆ ಜಾಣತನವನ್ನು ಎಷ್ಟು ಹೊಗಳಿದರೂ ಸಲ್ಲುತ್ತದೆ, ಆದರೆ ಒಂದು ಮನೆಗೆ ಹತ್ತಾರು ಶವರುಗಳು ಬರುವ ಕಾಲಕ್ಕೆಂದು ಅವರು ಅದನ್ನು ಕಟ್ಟಿರಲಿಲ್ಲ.

ಎರಡು ವರ್ಷಗಳ ಕಿಂಡಿ

1990ರ ದಶಕದಲ್ಲಿಯೇ ಗಾಲೆಗೆ ವಿನ್ಯಾಸದ ರುಚಿ ಹತ್ತಿತ್ತು. ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಕಟ್ಟಿದ ಲೈಟ್‌ಹೌಸ್ ಹೋಟೆಲು ಊರಿನ ಹೊರಗೆ ಬಂಡೆಗಳ ಮೇಲೆ 1997ರಲ್ಲಿ ತೆರೆಯಿತು. ಅದರ ಮೆಟ್ಟಿಲ ಗೋಪುರದಲ್ಲಿ ಸಿಂಹಳರಿಗೂ ಪೋರ್ಚುಗೀಸರಿಗೂ ನಡೆದ ಕದನವನ್ನು ಕಲಾವಿದ ಲಕಿ ಸೇನಾನಾಯಕೆ ಶಿಲ್ಪವಾಗಿಸಿದ್ದಾರೆ. ಬಾವಾ ಅವರು 1960ರ ಸುಮಾರಿನಿಂದ ಕೊಲಂಬೊದ ಮನೆಗಳಲ್ಲಿ ಅಂಗಳ, ಆಳವಾದ ಸೂರು, ಗಾಳಿಗೆ ತೆರೆದ ಪಡಸಾಲೆಗಳನ್ನು ಮತ್ತೆ ಬಳಕೆಗೆ ತಂದವರು. ಕೋಟೆಯ ಮನೆಗಳಲ್ಲಿ ಇವೆಲ್ಲ ಸಿದ್ಧವಾಗಿಯೇ ಇದ್ದವು. ಬೇಕಾಗಿದ್ದದ್ದು ಕೊಳ್ಳುವವರು ಮಾತ್ರ.

2002ರ ಫೆಬ್ರವರಿಯಲ್ಲಿ ಸರ್ಕಾರ ಮತ್ತು ಎಲ್‌ಟಿಟಿಇ ನಡುವೆ ಕದನವಿರಾಮದ ಒಪ್ಪಂದವಾಯಿತು. ಅದೇ ವರ್ಷ, ವಿದೇಶಿಯರು ಆಸ್ತಿ ಕೊಂಡರೆ ಕೊಡಬೇಕಾಗಿದ್ದ ಶೇ 100ರ ತೆರಿಗೆಯನ್ನು ತೆಗೆದುಹಾಕಲಾಯಿತು. 2004ರಲ್ಲಿ ತೆರಿಗೆ ಮತ್ತೆ ಬಂತು. ಈ ನಡುವಿನ ಕಿಂಡಿಯಲ್ಲಿ ಯುರೋಪು, ಆಸ್ಟ್ರೇಲಿಯ, ಹಾಂಗ್‌ಕಾಂಗುಗಳಿಂದ ಬಂದವರು ಕೋಟೆಯ ಮನೆಗಳನ್ನು ಒಂದರ ಹಿಂದೊಂದು ಕೊಂಡರು. ಮುಂದೆ 2014ರ ಕಾಯಿದೆ ವಿದೇಶಿಯರಿಗೆ ಭೂಮಿಯ ಮಾರಾಟವನ್ನೇ ನಿಷೇಧಿಸಿ ಗುತ್ತಿಗೆಯ ದಾರಿಯನ್ನಷ್ಟೇ ಉಳಿಸಿತು. ಆದರೆ ಆ ಹೊತ್ತಿಗೆ ಊರಿನ ನಕ್ಷೆ ಬದಲಾಗಿಯಾಗಿತ್ತು.

ಮಾರಿದವರನ್ನು ದುರಾಸೆಯವರೆಂದು ಕರೆಯುವುದು ತಪ್ಪಾಗುತ್ತದೆ. ಮೂರು ತಲೆಮಾರು ಪಾಲಾಗದೆ ಉಳಿದ ಮನೆಗೆ ಹತ್ತಿಪ್ಪತ್ತು ವಾರಸುದಾರರು. ಅವರಲ್ಲಿ ಅರ್ಧದಷ್ಟು ಜನ ಕೊಲಂಬೊದಲ್ಲಿಯೋ ಕೊಲ್ಲಿಯಲ್ಲಿಯೋ ಇರುವವರು. ಮಾಡಿನ ಮರ ಬದಲಿಸಲು ಬೇಕಾದ ಹಣವನ್ನು ಯಾರು ಹಾಕಬೇಕೆಂಬ ಮಾತೇ ಬಗೆಹರಿಯದ ಮನೆಯಲ್ಲಿ, ಒಮ್ಮೆಗೇ ಎಲ್ಲರಿಗೂ ಹಂಚಬಹುದಾದ ಮೊತ್ತ ಎದುರಿಗೆ ಬಂದಾಗ ಒಪ್ಪಿಗೆ ಹುಟ್ಟುತ್ತದೆ. ಮಲೆನಾಡಿನ ತೊಟ್ಟಿಮನೆಗಳ ಕಂಬ ಬಾಗಿಲುಗಳು ಬೆಂಗಳೂರಿನ ಹೋಟೆಲುಗಳಿಗೆ ಹೋದ ದಾರಿಯೂ ಇದೇ. ಗಾಲೆಯಲ್ಲಿ ಮನೆ ಇದ್ದಲ್ಲೇ ಉಳಿಯಿತು, ಮನೆಯವರು ಹೋದರು.

ಎರಡು ಹೋಟೆಲುಗಳು

ಈ ಪ್ರಕರಣದ ತಿರುಳು ಚರ್ಚ್ ಸ್ಟ್ರೀಟ್ ಎಂಬ ಒಂದೇ ಬೀದಿಯಲ್ಲಿದೆ. ಅದರ ಮೇಲ್ಭಾಗದಲ್ಲಿ, 1755ರಲ್ಲಿ ಮುಗಿದ ಡಚ್ ಚರ್ಚಿನ ಪಕ್ಕದಲ್ಲಿ ಅಮನ್‌ಗಾಲ ಇದೆ. ಅದೇ ಬೀದಿಯಲ್ಲಿ ಕೆಳಗೆ ಗಾಲೆ ಫೋರ್ಟ್ ಹೋಟೆಲು.

ಅಮನ್‌ಗಾಲದ ಕಟ್ಟಡದ ಹಳೆಯ ಭಾಗ 1684ರದ್ದು. ಡಚ್ ಸೇನಾಧಿಕಾರಿಗಳಿಗಾಗಿ ಕಟ್ಟಿದ್ದು. 1860ರ ದಶಕದಲ್ಲಿ, ಬಂದರು ತುಂಬಿ ತುಳುಕುತ್ತಿದ್ದಾಗ ಅದು ಹೋಟೆಲಾಯಿತು. ನ್ಯೂ ಓರಿಯಂಟಲ್ ಹೋಟೆಲು ಎಂಬ ಹೆಸರಿನಲ್ಲಿ 20ನೇ ಶತಮಾನದ ಬಹುಭಾಗ ಬ್ರೋಹಿಯರ್ ಎಂಬ ಬರ್ಘರ್ ಕುಟುಂಬದ ಕೈಯಲ್ಲಿತ್ತು. ನೆಸ್ಟಾ ಬ್ರೋಹಿಯರ್ ಆ ಹೋಟೆಲಿನ ಕೋಣೆಯೊಂದರಲ್ಲೇ ಹುಟ್ಟಿ, ಅದನ್ನು 1990ರ ದಶಕದವರೆಗೂ ನಡೆಸಿದರು. ಅವರ ಕೊನೆಯ ವರ್ಷಗಳಲ್ಲಿ ಅದು ಹಾಸಿಗೆ ಕುಸಿದ, ಫ್ಯಾನು ಕಿರುಗುಟ್ಟುವ, ಆದರೂ ಬಿಟ್ಟು ಹೋಗಲು ಮನಸ್ಸಾಗದ ಹೋಟೆಲಾಗಿತ್ತು. ಐಷಾರಾಮಿ ಹೋಟೆಲುಗಳನ್ನು ನಡೆಸುವ ಅಮನ್ ಸಂಸ್ಥೆ ಅದನ್ನು ವಹಿಸಿಕೊಂಡು, ವಾಸ್ತುಶಿಲ್ಪಿ ಕೆರ್ರಿ ಹಿಲ್ ಅವರ ಕೈಯಲ್ಲಿ ನವೀಕರಿಸಿ, 2004ರ ಡಿಸೆಂಬರಿನಲ್ಲಿ ಹೊಸ ಹೆಸರಿನಿಂದ ತೆರೆಯಿತು.

ಕೆರ್ರಿ ಹಿಲ್ ಇಲ್ಲಿ ಮಾಡಿದ್ದಕ್ಕಿಂತ ಮಾಡದೆ ಬಿಟ್ಟದ್ದು ಗಮನಾರ್ಹ. ಎತ್ತರದ ದೊಡ್ಡ ಪಡಸಾಲೆಯನ್ನು ಅವರು ಒಡೆಯಲಿಲ್ಲ. ಡಚ್ಚರ ಕಾಲದಿಂದ ಸಾಲ್ ಎಂದೇ ಕರೆಯುವ ಆ ಜಾಗ, ಹಲಗೆಯ ನೆಲ ಮತ್ತು ಬೆತ್ತದ ಕುರ್ಚಿಗಳೊಂದಿಗೆ, ಈಗಲೂ ಹೋಟೆಲಿನ ನಡುಮನೆ. ಹೊಸದಾಗಿ ಬೇಕಾದ ಈಜುಕೊಳ ಹಿಂದಿನ ತೋಟಕ್ಕೆ ಹೋಯಿತು. ಸ್ನಾನಗೃಹಗಳ ಸಮುಚ್ಚಯವೂ ಬೀದಿಯ ಕಣ್ಣಿಗೆ ಬೀಳದಂತೆ ಒಳಗೆ ಸೇರಿತು. ಕೋಣೆಗಳು ಸುಮಾರು 30. ಆ ಅಗಲದ ಕಟ್ಟಡದಲ್ಲಿ ಗೋಡೆ ಎಬ್ಬಿಸಿ ಇನ್ನಷ್ಟು ಕೋಣೆ ಮಾಡುವುದು ಯಾವ ಗುತ್ತಿಗೆದಾರನಿಗೂ ಮೊದಲು ಹೊಳೆಯುವ ಉಪಾಯ. ಅದಕ್ಕೆ ಮಣಿಯದೆ ಇದ್ದದ್ದೇ ಇಲ್ಲಿನ ವಿನ್ಯಾಸ.

ಗಾಲೆ ಫೋರ್ಟ್ ಹೋಟೆಲಿನ ಕಥೆ ಬೇರೆ. ಇದು ಹೋಟೆಲಾಗಿರಲೇ ಇಲ್ಲ. ಡಚ್ ಕಾಲದ ವರ್ತಕನ ಮನೆ ಮತ್ತು ಉಗ್ರಾಣ, ಮುಂದೆ ರತ್ನವ್ಯಾಪಾರಿಗಳ ಭವನ. ಆಸ್ಟ್ರೇಲಿಯದ ಚಲನಚಿತ್ರ ನಿರ್ಮಾಪಕ ಕಾರ್ಲ್ ಸ್ಟೈನ್‌ಬರ್ಗ್ ಮತ್ತು ಮಲೇಷ್ಯ ಮೂಲದ ಕ್ರಿಸ್ ಆಂಗ್ ಅದನ್ನು ಕೊಂಡಾಗ ಕಟ್ಟಡ ಜೀರ್ಣಾವಸ್ಥೆಯಲ್ಲಿತ್ತು. ಅವರು ಹೊರಗಿನ ಹೋಟೆಲು ಕಂಪನಿಯ ಸಿದ್ಧ ಮಾದರಿಯನ್ನು ತರದೆ, ಮನೆಯ ಅಂಗವಿನ್ಯಾಸಕ್ಕೆ ಕೋಣೆಗಳನ್ನು ಹೊಂದಿಸಿದರು: ಹಿಂದಿನ ಅಂಗಳದ ನಡುವೆ ನೀಳವಾದ ಕೊಳ, ಅದರ ಎರಡು ಬದಿಗೂ ಕಂಬಸಾಲಿನ ಮೊಗಸಾಲೆ, ಆ ಮೊಗಸಾಲೆಗೆ ತೆರೆದುಕೊಳ್ಳುವ ಕೋಣೆಗಳು, ಒಂದರ ಅಳತೆ ಇನ್ನೊಂದರಂತಿಲ್ಲ, ಹಾಗಾಗಿ ಒಂದರ ಪೀಠೋಪಕರಣ ಇನ್ನೊಂದಕ್ಕೆ ಒಗ್ಗುವುದೂ ಇಲ್ಲ. 2007ರಲ್ಲಿ ಈ ಕೆಲಸ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿಗಳಲ್ಲಿ ಮನ್ನಣೆ ಪಡೆಯಿತು. ಕ್ರಿಸ್ ಆಂಗ್ ಮುಂದೆ ಮಲೇಷ್ಯಕ್ಕೆ ಮರಳಿ ಪೆನಾಂಗಿನ ಜಾರ್ಜ್‌ಟೌನಿನಲ್ಲಿ ಸೆವೆನ್ ಟೆರೇಸಸ್ ಮೊದಲಾದ ಹೋಟೆಲುಗಳನ್ನು ಇದೇ ಬಗೆಯಲ್ಲಿ ರೂಪಿಸಿದರು. ಗಾಲೆಯಲ್ಲಿ ಕಲಿತ ಪಾಠ ಇನ್ನೊಂದು ಬಂದರಿಗೆ ಹೋದಂತಾಯಿತು.

ಈಗ ಲೆಕ್ಕಕ್ಕೆ ಬರೋಣ. ಮನೆಯ ನಕ್ಷೆಯನ್ನು ಗೌರವಿಸಿದರೆ ಕೋಣೆಗಳ ಸಂಖ್ಯೆ ಹತ್ತರಿಂದ ಹದಿನೈದರ ಒಳಗೇ ನಿಲ್ಲುತ್ತದೆ. ರಾತ್ರಿ ಕಾವಲು, ಅಡುಗೆಯವರು, ಕೊಳದ ಪಂಪು, ಜನರೇಟರಿನ ಡೀಸೆಲ್, ವರ್ಷಕ್ಕೊಮ್ಮೆ ಹೆಂಚು ಇಳಿಸಿ ಏರಿಸುವ ಕೂಲಿ, ಇವು ಯಾವುವೂ ಕೋಣೆ ಕಡಿಮೆಯೆಂದು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಗಾಲೆಯಲ್ಲಿ ಪ್ರವಾಸಿಗರ ಸುಗ್ಗಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ಮೇ ತಿಂಗಳಿಗೆ ನೈಋತ್ಯ ಮಾನ್ಸೂನ್ ಬರುತ್ತದೆ, ಸಮುದ್ರ ಕೆಂಪಗೆ ಕದಡುತ್ತದೆ, ಕೋಣೆಗಳು ಖಾಲಿಯಾಗುತ್ತವೆ. ಕೋಣೆಯ ಬಾಡಿಗೆಯನ್ನು ಒಂದು ಮಿತಿಯಾಚೆ ಏರಿಸುವಂತಿಲ್ಲ. ಉಳಿದ ದಾರಿ ಊಟ, ಚಹಾ, ಸಂಜೆಯ ಪಾನೀಯ: ಅಂದರೆ ರಾತ್ರಿ ತಂಗದವರಿಗೂ ಏನಾದರೂ ಮಾರುವುದು. ಅದಕ್ಕೆ ತಕ್ಕ ಜಾಗ ಮನೆಯಲ್ಲಿ ಯಾವುದು? ಬೀದಿಗೆ ಕಾಣುವ, ನೆರಳಿರುವ, ಗಾಳಿಯಾಡುವ, ಮಲಗುವವರಿಗೆ ತೊಂದರೆಯಾಗದ ಒಂದೇ ಜಾಗ. ಹೀಗೆ ಇಸ್ತೋಪ್ಪುವಕ್ಕೆ ಮೇಜು ಬಂತು, ಮೇಜಿಗೆ ಬಿಳಿ ಬಟ್ಟೆ ಬಂತು, ಬಟ್ಟೆಯ ಮೇಲೆ ದರಪಟ್ಟಿ ಬಂತು. ಅಮನ್‌ಗಾಲದ ಉದ್ದನೆಯ ಜಗುಲಿಯಲ್ಲಿ ಮಧ್ಯಾಹ್ನದ ಚಹಾಕ್ಕೆ ಹೊರಗಿನವರಿಗೂ ಸ್ವಾಗತವಿದೆ. ಅಲ್ಲಿ ಕುಳಿತು ಬೀದಿ ನೋಡುವುದು ಸುಖದ ಸಂಗತಿಯೇ. ಆದರೆ ಒಂದು ಲೋಟ ಚಹಾದ ಬೆಲೆಯನ್ನು ಮೊದಲು ವಿಚಾರಿಸಿಕೊಳ್ಳುವವರು ಆ ಮೆಟ್ಟಿಲು ಹತ್ತುವುದಿಲ್ಲ.

ಗೋಡೆ, ಅಲೆ, ಬೆಲೆ

2004ರ ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿ ಗಾಲೆಯನ್ನು ಹೊಡೆಯಿತು. ಕೋಟೆಯ ಹೊರಗಿನ ಪೇಟೆ, ಬಸ್ ನಿಲ್ದಾಣ, ಕ್ರೀಡಾಂಗಣ ನೀರಿನಡಿಯಾದವು; ಆ ಬಸ್ ನಿಲ್ದಾಣದ ದೃಶ್ಯಗಳನ್ನು ಜಗತ್ತೆಲ್ಲ ನೋಡಿತು. ಶತಮಾನಗಳ ಹಿಂದೆ ಫಿರಂಗಿಗಳಿಗೆ ಎದುರಾಗಿ ಕಟ್ಟಿದ್ದ ಗೋಡೆ ಕೋಟೆಯೊಳಗಿನ ಊರನ್ನು ಬಹುಮಟ್ಟಿಗೆ ಕಾಪಾಡಿತು. ಬಾಗಿಲು ತೆರೆದು ಒಂದು ತಿಂಗಳೂ ಆಗದ ಅಮನ್‌ಗಾಲ ಸೇರಿದಂತೆ ಕೋಟೆಯ ಮನೆಗಳು ಮಸೀದಿ ಚರ್ಚುಗಳು ಹೊರಗಿನಿಂದ ಓಡಿಬಂದವರಿಗೆ ಆಸರೆಯಾದವು.

ಆ ಅನಾಹುತದ ಒಂದು ಪರಿಣಾಮವನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಪ್ರಕರಣ ಅಧ್ಯಯನದಲ್ಲಿ ಅದನ್ನು ಬಿಡುವಂತಿಲ್ಲ. ದಕ್ಷಿಣ ಕರಾವಳಿಯಲ್ಲಿ ಸಮುದ್ರದಂಚಿನ ಜಾಗಗಳ ಬಗ್ಗೆ ಹೆದರಿಕೆ ಹುಟ್ಟಿದಾಗ, ಸಮುದ್ರಕ್ಕೆ ಅಂಟಿಕೊಂಡೂ ಸುರಕ್ಷಿತವಾಗಿ ಉಳಿದ ಗಾಲೆ ಕೋಟೆ ಇನ್ನಷ್ಟು ಆಕರ್ಷಕವಾಯಿತು. ಪರಿಹಾರಕಾರ್ಯಕ್ಕೆ ಬಂದ ವಿದೇಶಿ ಸಂಸ್ಥೆಗಳವರಿಗೆ ಇರಲು ಮನೆ ಬೇಕಾಯಿತು. ಹೋಟೆಲು ಉದ್ಯಮಿ ಜೆಫ್ರಿ ಡಾಬ್ಸ್ ಆರಂಭಿಸಿದ ಗಾಲೆ ಸಾಹಿತ್ಯೋತ್ಸವ 2007ರ ಜನವರಿಯಿಂದ ಊರಿಗೆ ಹೊಸ ಬಗೆಯ ಅತಿಥಿಗಳನ್ನು ಕರೆತಂದಿತು. ಇನ್ನೊಂದು ಕಡೆ, ನೆದರ್ಲೆಂಡ್ಸ್ ಸರ್ಕಾರದ ನೆರವಿನಿಂದ, ನಿವಾಸಿಗಳೇ ಇರುವ ಹಲವು ಖಾಸಗಿ ಮನೆಗಳ ಮಾಡು, ಮುಂಬದಿ, ಜಗುಲಿಗಳನ್ನು ದುರಸ್ತಿ ಮಾಡುವ ಯೋಜನೆಯೂ ನಡೆಯಿತು. ಮನೆ ಮಾರದೆ ಮನೆ ಉಳಿಸಿಕೊಳ್ಳಲು ಜನರಿಗೆ ಕೈಗೂಡಿಸಿದ ಒಂದು ಪ್ರಯತ್ನವಾಗಿ ಅದಕ್ಕೆ ಈ ಹೋಟೆಲುಗಳಿಗೆ ಸಿಕ್ಕ ಪ್ರಚಾರದ ನೂರರಲ್ಲೊಂದು ಪಾಲೂ ಸಿಗಲಿಲ್ಲ. ಗಾರೆ ಹೊಸದಾಗಿ ಬಳಿದ ಬಡ ಮನೆಯ ಚಿತ್ರ ಯಾವ ಪ್ರವಾಸ ಪತ್ರಿಕೆಯ ಮುಖಪುಟಕ್ಕೂ ಒಗ್ಗುವುದಿಲ್ಲವಲ್ಲ.

ಕಾಯಿದೆಗೆ ಕಾಣುವುದು

ಕೋಟೆಗೆ ಕಾವಲಿಲ್ಲವೆಂದಲ್ಲ, ಕಾವಲುಗಾರರು ಬಹಳ. 1940ರ ಪುರಾತನ ವಸ್ತುಗಳ ಕಾಯಿದೆಯಡಿ ಪುರಾತತ್ವ ಇಲಾಖೆಗೆ ಅಧಿಕಾರವಿದೆ; ಆ ಕಾಯಿದೆ ಪ್ರಾಚೀನ ಸ್ಮಾರಕವನ್ನು ಗುರುತಿಸುವ ಗೆರೆ 1815ರ ಮಾರ್ಚ್ 2, ಅಂದರೆ ಕ್ಯಾಂಡಿ ರಾಜ್ಯ ಬ್ರಿಟಿಷರ ಕೈಸೇರಿದ ಒಪ್ಪಂದದ ದಿನ. 1994ರ ಕಾಯಿದೆಯಿಂದ ಗಾಲೆ ಪರಂಪರೆ ಪ್ರತಿಷ್ಠಾನ ಹುಟ್ಟಿತು. ಇವುಗಳ ಜೊತೆಗೆ ನಗರಾಭಿವೃದ್ಧಿ ಪ್ರಾಧಿಕಾರ, ನಗರಸಭೆ. ಎತ್ತರ ಎಷ್ಟಿರಬೇಕು, ಮಾಡಿಗೆ ಯಾವ ಹೆಂಚು, ಕಿಟಕಿಗೆ ಯಾವ ಚೌಕಟ್ಟು, ನಾಮಫಲಕ ಎಷ್ಟು ದೊಡ್ಡದು ಎಂಬೆಲ್ಲ ವಿಷಯಗಳಲ್ಲಿ ಇವರ ಮಾತು ನಡೆಯುತ್ತದೆ. ಕೋಟೆಯ ಹೊರಗಿನದನ್ನೂ ಕಾವಲು ಬಿಟ್ಟಿಲ್ಲ: ಸುನಾಮಿಯ ನಂತರ ಕ್ರೀಡಾಂಗಣದಲ್ಲಿ ಎದ್ದ ಪೆವಿಲಿಯನ್ ಕಟ್ಟಡ ಕೋಟೆಯ ನೋಟಕ್ಕೆ ಅಡ್ಡವಾಗಿದೆಯೆಂಬ ತಕರಾರು ಹಲವು ವರ್ಷ ನಡೆದು, 2018ರಲ್ಲಿ ಕ್ರೀಡಾಂಗಣದ ಭವಿಷ್ಯವೇ ಚರ್ಚೆಗೆ ಬಂದಿತ್ತು.

ಇಷ್ಟೆಲ್ಲ ಕಣ್ಣುಗಳಿಗೆ ಬೀಳದ ಒಂದು ಸಂಗತಿಯೆಂದರೆ ಬಳಕೆ. ಒಂದು ಮನೆಯಲ್ಲಿ ಅಜ್ಜಿ, ಇಬ್ಬರು ಮಕ್ಕಳು, ಮೊಮ್ಮಕ್ಕಳು ಇದ್ದು, ಜಗುಲಿಯ ಮೇಲೆ ಸಂಜೆ ಪಕ್ಕದ ಮನೆಯವರು ಬಂದು ಕೂರುತ್ತಿದ್ದರೆನ್ನಿ. ಆ ಮನೆ ಹೋಟೆಲಾದಾಗ ಹೆಂಚು ಅದೇ, ಕಂಬ ಅದೇ, ಬಾಗಿಲು ಅದೇ, ಬಹುಶಃ ಮೊದಲಿಗಿಂತ ಚೆನ್ನಾಗಿಯೇ ಇದೆ. ಸಂರಕ್ಷಣಾ ಅಧಿಕಾರಿಯ ನಮೂನೆಯಲ್ಲಿ ತುಂಬಬೇಕಾದ ಯಾವ ಖಾನೆಯಲ್ಲಿಯೂ ನಷ್ಟ ಕಾಣಿಸದು. ಅಕ್ಕಿ, ಎಣ್ಣೆ ಮಾರುವ ಅಂಗಡಿಗೆ ಆ ಮನೆಯಿಂದ ಬರುತ್ತಿದ್ದ ವ್ಯಾಪಾರ ನಿಂತದ್ದು, ಹೋಟೆಲಿನ ಸಾಮಾನು ಸಗಟು ವ್ಯಾನಿನಲ್ಲಿ ಹೊರಗಿನಿಂದ ಬಂದದ್ದು, ಅಂಗಡಿಯವನೂ ಒಂದು ದಿನ ತನ್ನ ಮಳಿಗೆಯನ್ನು ಐಸ್‌ಕ್ರೀಮ್ ಮಾರುವವರಿಗೆ ಬಾಡಿಗೆಗೆ ಕೊಟ್ಟದ್ದು, ಇವು ಪುರಾತತ್ವದ ವ್ಯಾಪ್ತಿಗೆ ಬರುವ ವಿಷಯಗಳೇ ಅಲ್ಲ.

ವಿನ್ಯಾಸಕ್ಕೂ ಇಲ್ಲಿ ಒಂದು ಹೊಣೆಯಿದೆಯೆಂದು ನಾನು ಭಾವಿಸುತ್ತೇನೆ. ಗಾಲೆಯ ಹೋಟೆಲುಗಳ ರುಚಿ ನಿಧಾನವಾಗಿ ಒಂದೇ ಅಚ್ಚಿಗೆ ಇಳಿದಿದೆ: ಬೆಳ್ಳಗಿನ ಗೋಡೆ, ಉಜ್ಜಿ ಹೊಳೆಸಿದ ಸಿಮೆಂಟ್ ನೆಲ, ಕಪ್ಪು ಮರದ ಮಂಚ, ಮೂಲೆಯಲ್ಲೊಂದು ದೊಡ್ಡ ಮಣ್ಣಿನ ಹೂಜಿ. ಒಂದೊಂದಾಗಿ ನೋಡಿದರೆ ಚೆಂದ. ಸಾಲಾಗಿ ನೋಡಿದರೆ ಬೀದಿಯ ಮನೆಗಳೆಲ್ಲ ಒಬ್ಬರೇ ದರ್ಜಿ ಹೊಲಿದ ಅಂಗಿ ತೊಟ್ಟಂತೆ. ಅಲ್ಲಲ್ಲಿ ಉಳಿದಿರುವ, ಮನೆಯವರೇ ನಡೆಸುವ ಅತಿಥಿಗೃಹಗಳಲ್ಲಿ ಮೇಲಿನ ಎರಡು ಕೋಣೆ ಪ್ರವಾಸಿಗರಿಗೆ, ಕೆಳಗಿನ ಮನೆ ಮನೆಯವರಿಗೆ. ಅಲ್ಲಿ ಟೈಲ್ಸ್ ಹೊಂದುವುದಿಲ್ಲ, ಪರದೆಯ ಬಣ್ಣ ಕಣ್ಣಿಗೆ ಹೊಡೆಯುತ್ತದೆ, ಗೋಡೆಯ ಮೇಲೆ ಮಕ್ಕಳ ಶಾಲೆಯ ಪ್ರಮಾಣಪತ್ರಗಳಿರುತ್ತವೆ. ಅಂಥ ಮನೆಯ ಜಗುಲಿಗೆ ಮೇಜು ಬರಬೇಕಾದ ಒತ್ತಡವೂ ಕಡಿಮೆ, ಏಕೆಂದರೆ ಅಲ್ಲಿ ಕಾವಲಿಗೂ ಅಡುಗೆಗೂ ಬೇರೆ ಸಂಬಳವಿಲ್ಲ; ಪ್ರವಾಸಿಗರು ಬಾರದ ತಿಂಗಳಲ್ಲಿ ಅದು ಮತ್ತೆ ಮನೆಯೇ ಆಗಿಬಿಡುತ್ತದೆ. 2019ರ ಈಸ್ಟರ್ ದಿನದ ಬಾಂಬ್ ದಾಳಿ, ಮರುವರ್ಷದ ಕೋವಿಡ್, 2022ರ ಆರ್ಥಿಕ ಕುಸಿತ ಮತ್ತು ಇಂಧನದ ಬರ, ಹೀಗೆ ಒಂದರ ಬೆನ್ನಿಗೊಂದು ಬಂದಾಗ ಈ ವ್ಯತ್ಯಾಸದ ಬೆಲೆ ಎಷ್ಟೆಂಬುದು ಗೊತ್ತಾಯಿತು. ಅತಿಥಿಗಳಿಗಾಗಿಯೇ ಇರುವ ಬೀದಿಯಲ್ಲಿ ಅತಿಥಿಗಳು ನಿಂತರೆ ದೀಪ ಹಚ್ಚುವವರೂ ಇರುವುದಿಲ್ಲ.

ಇದಕ್ಕೆ ಪರಿಹಾರವಾಗಿ ಹೊಸ ಹೋಟೆಲುಗಳಿಗೆ ತಡೆ ಹಾಕಬೇಕೆನ್ನುವುದು ಸುಲಭದ ಸಲಹೆ. ಅದರಿಂದ ಈಗಾಗಲೇ ಇರುವವರಿಗೆ ಏಕಸ್ವಾಮ್ಯ ಸಿಗುವುದಲ್ಲದೆ ವಾರಸುದಾರರ ಜಗಳದಲ್ಲಿ ಕುಸಿಯುತ್ತಿರುವ ಮನೆಗೆ ಉಪಕಾರವಾಗದು. ಅನುಮತಿ ಕೊಡುವಾಗ ಹೆಂಚಿನ ಜೊತೆಗೆ ಜಗುಲಿಯನ್ನೂ ಷರತ್ತಿಗೆ ಒಳಪಡಿಸಬಹುದಿತ್ತು: ಇಷ್ಟು ಅಡಿ ಅಗಲ, ಇಷ್ಟು ಉದ್ದದಲ್ಲಿ ಮೇಜು ಕುರ್ಚಿ ಹಾಕಕೂಡದು, ಅಲ್ಲಿ ದಾರಿಹೋಕರು ಮಳೆಗೆ ನಿಲ್ಲಬಹುದು, ಕೂರಬಹುದು ಎಂದು. ಬಿಸಿಲಿಗೂ ಮಳೆಗೂ ಮರೆಯಾಗಿ ನಿಲ್ಲುವ ಅವಕಾಶ ಈ ಜಗುಲಿಗಳಲ್ಲಿ ಹಿಂದೆ ಹೇಳದೆಯೇ ಇತ್ತು. ಹೇಳದೆ ಇದ್ದ ರೂಢಿಯನ್ನು ಕಾಗದಕ್ಕೆ ಇಳಿಸುವಾಗ ಅದರ ಸೊಗಸು ಸ್ವಲ್ಪ ಕೆಡುತ್ತದೆ ಎಂಬುದನ್ನು ಬಲ್ಲೆ. ಆದರೆ ಕಾಗದದಲ್ಲಿ ಇಲ್ಲದ್ದರ ಮೇಲೆ ಬೆಲೆಯ ಚೀಟಿ ಅಂಟಲು ಹತ್ತು ವರ್ಷವೂ ಬೇಕಾಗಲಿಲ್ಲ.

ಉಳಿದ ಜಗುಲಿ

ಚರ್ಚ್ ಸ್ಟ್ರೀಟಿನಿಂದ ಪಕ್ಕಕ್ಕೆ ಸರಿದರೆ ಲೇನ್ ಬಾನ್ ಸ್ಟ್ರೀಟ್. ಡಚ್ಚರ ಕಾಲದಲ್ಲಿ ಹಡಗಿನ ಹಗ್ಗ ಹೊಸೆಯುತ್ತಿದ್ದ ಜಾಗವೆಂದು ಹೆಸರೇ ಹೇಳುತ್ತದೆ. ಅದರ ತುದಿಗೆ ನ್ಯಾಯಾಲಯಗಳ ಚೌಕವಿದೆ, ಸುತ್ತ ವಕೀಲರ ಕಚೇರಿಗಳಿವೆ. ಕೋರ್ಟು ನಡೆಯುವ ದಿನ ಬೆಳಿಗ್ಗೆ ಸುತ್ತಲಿನ ಹಳ್ಳಿಗಳಿಂದ ಜನ ಬಸ್ಸಿಳಿದು ಬರುತ್ತಾರೆ. ಜಮೀನಿನ ಗಡಿ ತಕರಾರು, ಪಾಲಿನ ದಾವೆ, ಬಾಡಿಗೆಯ ವ್ಯಾಜ್ಯ. ಕಾಗದದ ಕಟ್ಟು ಹಿಡಿದು ತಮ್ಮ ಹೆಸರು ಕೂಗುವವರೆಗೆ ಎಲ್ಲಾದರೂ ಕಾಯಬೇಕು. ಅವರು ಕಾಯುವುದು ಕಚೇರಿಗಳ ಇಸ್ತೋಪ್ಪುವದಲ್ಲಿ, ಮರಗಳ ಕೆಳಗೆ. ಸರ್ಕಾರಿ ಕಚೇರಿಗಳನ್ನೂ ನ್ಯಾಯಾಲಯಗಳನ್ನೂ ಕೋಟೆಯಿಂದ ಹೊರಗೆ ಸಾಗಿಸಿ, ಆ ಕಟ್ಟಡಗಳನ್ನು ಪ್ರವಾಸೋದ್ಯಮಕ್ಕೆ ಬಳಸಬೇಕೆಂಬ ಮಾತು ಆಗಾಗ ಏಳುತ್ತದೆ. ಸಂರಕ್ಷಣೆಯ ದೃಷ್ಟಿಯಿಂದ ಅದರಲ್ಲಿ ತಪ್ಪು ಹುಡುಕುವುದು ಕಷ್ಟ: ಕಡತಗಳ ರಾಶಿ ಹೋಗುತ್ತದೆ, ಮಾಡು ದುರಸ್ತಿಯಾಗುತ್ತದೆ, ಮರದ ಕೆಳಗೆ ನಿಲ್ಲುವ ವಾಹನಗಳು ಕಡಿಮೆಯಾಗುತ್ತವೆ. ಪಾಲಿನ ದಾವೆಗೆ ಬಂದವರು ಆಗ ಬೇರೆಲ್ಲೋ, ಹೊಸ ಕಾಂಕ್ರೀಟ್ ಕಟ್ಟಡವೊಂದರ ಮೆಟ್ಟಿಲಿನ ಮೇಲೆ ಕಾಯುತ್ತಾರೆ.